ಒಂಬತ್ತು ಅಂಕ ಕೊಟ್ಟ ಬಾಟಲಿಯಣ್ಣ

ವಿಶ್ವವಿದ್ಯಾಲಯದ ಹೊಲ ಮುಗಿಯುವ ಕಡೆ, ತಗಡಿನ ಚಾವಣಿಯ ಉದ್ದನೆಯ ಕಟ್ಟಡವೊಂದಿದೆ. ‘ಬೆಳೆ ಸಂಸ್ಕರಣೆ ಹಾಗೂ ವಿದ್ಯಾರ್ಥಿ ತರಬೇತಿ ಘಟಕ’ ಎಂದು ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿದ್ದರೂ ಜನ ಅದನ್ನು ಕರೆಯುವುದು ಸಾಸ್ ಮನೆ ಎಂದೇ. ವಿದ್ಯಾರ್ಥಿಗಳು ಹೊಲದಲ್ಲಿ ಬೆಳೆಯುತ್ತಾರೆ, ಸಾಸ್ ಮನೆಯಲ್ಲಿ ಬೇಯಿಸುತ್ತಾರೆ, ಗೇಟಿನ ಪಕ್ಕದ ಮಳಿಗೆಯಲ್ಲಿ ಮಾರುತ್ತಾರೆ. ಬಂದದ್ದು ಅವರ ಹಾಸ್ಟೆಲ್ ಖರ್ಚಿಗೂ ಮುಂದಿನ ಬಿತ್ತನೆಗೂ ಹೋಗುತ್ತದೆ. ಪಾಠಕ್ಕೆ ಪಾಠ, ಸಂಪಾದನೆಗೆ ಸಂಪಾದನೆ.

ಈ ಕಟ್ಟಡದ ಹಿಂಬದಿಗೆ ಹೋದರೆ ಮೂರು ಸಿಮೆಂಟ್ ತೊಟ್ಟಿಗಳು ಸಿಗುತ್ತವೆ. ಮೊದಲನೆಯದರಲ್ಲಿ ಸೋಡಾ ಪುಡಿಯ ನೀರು, ಎರಡನೆಯದರಲ್ಲಿ ಬಿಸಿನೀರು, ಮೂರನೆಯದರಲ್ಲಿ ತಣ್ಣೀರು. ಮೂರರ ನಡುವೆ, ಮೊಣಕೈವರೆಗೆ ಒದ್ದೆಯಾಗಿ, ರಬ್ಬರ್ ಏಪ್ರನ್ ಕಟ್ಟಿಕೊಂಡು ನಿಂತಿರುವವರೇ ಬಾಟಲಿಯಣ್ಣ. ಈ ಹೆಸರು ವಿದ್ಯಾರ್ಥಿಗಳು ಪ್ರೀತಿಯಿಂದ ಇಟ್ಟದ್ದು. ಪ್ರೀತಿಯಿಂದ ಇಟ್ಟಿದ್ದಾರೆ ಅನ್ನುವ ಒಂದೇ ಕಾರಣಕ್ಕೆ ಅವರು ಸಹಿಸಿಕೊಂಡಿದ್ದರು. ಯಾಕೆಂದರೆ ಅದಕ್ಕೂ ಹಿಂದೆ ಅವರು ಬಾಯ್ಲರಣ್ಣ ಆಗಿದ್ದರು. ಬಾಯ್ಲರಿನ ಬಾಗಿಲಿಗೂ ಬಾಟಲಿ ತೊಟ್ಟಿಗೂ ಮಧ್ಯೆ ಇರುವುದು ಮೂವತ್ತು ಹೆಜ್ಜೆ. ಆ ಮೂವತ್ತು ಹೆಜ್ಜೆ ಕೆಳಗಿಳಿದು ಹದಿನೇಳು ವರ್ಷ ಆಗಿತ್ತು. ಒಂದು ದಿನವೂ ಅವರು ಅದನ್ನು ಮರೆತಿರಲಿಲ್ಲ.

ನಡೆದದ್ದು ಇಷ್ಟು. ಆಗ ಘಟಕಕ್ಕೆ ಹೊಸದಾಗಿ ಒಬ್ಬ ಉಪನ್ಯಾಸಕರು ಬಂದಿದ್ದರು. ವಿದೇಶದಲ್ಲಿ ಆರು ವಾರ ತರಬೇತಿ ಮುಗಿಸಿ ಬಂದವರು. ಆರು ವಾರದ ಬಗ್ಗೆ ಒಬ್ಬ ಮನುಷ್ಯ ಎಷ್ಟು ವರ್ಷ ಮಾತಾಡಬಹುದು ಎಂಬುದಕ್ಕೆ ಅಲ್ಲಿಯವರೆಗೆ ಯಾರ ಬಳಿಯೂ ಅಂದಾಜು ಇರಲಿಲ್ಲ. ಏನು ಕೇಳಿದರೂ “ನಾನು ಅಲ್ಲಿದ್ದಾಗ” ಎಂದೇ ಶುರು. ಮಳೆ ಬಂದರೆ ಅಲ್ಲಿದ್ದಾಗ, ನಲ್ಲಿ ಕೆಟ್ಟರೆ ಅಲ್ಲಿದ್ದಾಗ. ವಿದ್ಯಾರ್ಥಿಗಳು ಬೆನ್ನ ಹಿಂದೆ ‘ಅಲ್ಲಿದ್ದಾಗ ಸಾರ್’ ಎಂದು ಕರೆಯಲು ಒಂದು ವಾರವೂ ಬೇಕಾಗಲಿಲ್ಲ.

ಒಂದು ದಿನ ಯಾರೋ ದೊಡ್ಡ ಅತಿಥಿಗಳು ಸಾಸ್ ಮನೆ ನೋಡಲು ಬಂದರು. ಹಬೆಯ ಕಡಾಯಿಯಲ್ಲಿ ಟೊಮೆಟೊ ತಿರುಳು ಗಟ್ಟಿಯಾಗುತ್ತಿತ್ತು. ಅತಿಥಿಗಳಿಗೆ ಒಳಗಿನದು ಚೆನ್ನಾಗಿ ಕಾಣಲಿ ಎಂದು ಅಲ್ಲಿದ್ದಾಗ ಸಾರ್ ಕಲಕುವ ಯಂತ್ರ ನಿಲ್ಲಿಸಿದರು. ನಿಲ್ಲಿಸಿ ಮಾತು ಶುರುವಿಟ್ಟುಕೊಂಡರು. ಬಾಯ್ಲರಣ್ಣ ಓಡಿಬಂದು “ಸಾರ್, ಹಬೆ ಮುಚ್ಚಲಾ?” ಎಂದು ಕೇಳಿದರು. “ದೊಡ್ಡವರು ಮಾತಾಡುವಾಗ ಅಡ್ಡ ಬರಬೇಡ” ಎಂಬ ಉತ್ತರ ಬಂತು. ಐದು ನಿಮಿಷ ಬಿಟ್ಟು ಮತ್ತೆ ಓಡಿಬಂದರು. ಈ ಸಲ ಉತ್ತರವೂ ಇಲ್ಲ, ಬರೀ ಕೈಸನ್ನೆ. ಮಾತು ಮುಗಿಯುವ ಹೊತ್ತಿಗೆ ಕಡಾಯಿಯ ತಳದಲ್ಲಿ ಒಂದಂಗುಲ ಕರಕು ಕೂತಿತ್ತು. ಒಂದು ಬೆಳೆಯಷ್ಟು ಟೊಮೆಟೊ ಹಾಳು.

ಮೂರೇ ಸಾಲಿನ ವರದಿ ಬರೆದವರು ಅಲ್ಲಿದ್ದಾಗ ಸಾರ್. ಬಾಯ್ಲರ್ ನೋಡಿಕೊಳ್ಳುವವನು ಹೇಳದೆ ಕೇಳದೆ ಹಬೆ ಹೆಚ್ಚು ಬಿಟ್ಟ, ಅದರಿಂದ ಸರಕು ಸೀದಿತು, ಈತ ಅಜಾಗರೂಕ. ಆ ಕೊನೆಯ ಪದ ಬಾಯ್ಲರಣ್ಣನ ಸೇವಾ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಕೂತಿತು. ಹಾಗೆ ಕೂತದ್ದರಿಂದ ಬಾಯ್ಲರ್ ಪರವಾನಗಿಯ ಪರೀಕ್ಷೆಗೆ ಕೂರಲು ಬಿಡಲಿಲ್ಲ, ಪರೀಕ್ಷೆ ಇಲ್ಲದೆ ಬಾಯ್ಲರ್ ಮುಟ್ಟಲು ಬಿಡಲಿಲ್ಲ. ತೊಟ್ಟಿಯ ಮುಂದೆ ನಿಲ್ಲಿಸಿದರು. ಅಲ್ಲಿದ್ದಾಗ ಸಾರ್ ಮಾತ್ರ ಮೆಟ್ಟಿಲು ಮೆಟ್ಟಿಲಾಗಿ ಹತ್ತಿ ಘಟಕದ ಮುಖ್ಯಸ್ಥರಾದರು. ದಿನಾ ಬೆಳಿಗ್ಗೆ ತೊಟ್ಟಿಯ ಪಕ್ಕದಲ್ಲೇ ಹಾದು ಕಚೇರಿಗೆ ಹೋಗುವರು. ಬಾಟಲಿಯಣ್ಣ ದಿನಾ “ನಮಸ್ಕಾರ ಸಾರ್” ಅನ್ನುವರು. ಆ ನಮಸ್ಕಾರದ ಒಳಗೆ ಏನಿದೆ ಎಂದು ಬಿಚ್ಚಿ ನೋಡುವ ಅಭ್ಯಾಸ ಮುಖ್ಯಸ್ಥರಿಗೆ ಇರಲಿಲ್ಲ.

ಬಿಚ್ಚಿ ನೋಡಿದ್ದವರು ಒಬ್ಬರೇ, ಬಾಟಲಿಯಣ್ಣನ ಹೆಂಡತಿ. ಹೊಲಿಗೆ ಯಂತ್ರದ ಹಿಂದಿನಿಂದ ತಲೆ ಎತ್ತದೆ ಮಾತಾಡುವ ಹೆಂಗಸು.

“ರೀ, ಹದಿನೇಳು ವರ್ಷದಿಂದ ನಮ್ಮನೇಲಿ ಊಟಕ್ಕೆ ಮೂರು ಜನ ಕೂರ್ತೀವಿ. ನಾನು, ನೀವು, ನಿಮ್ಮ ಮುಖ್ಯಸ್ಥರು. ಇಷ್ಟು ವರ್ಷದಲ್ಲಿ ಆಯಪ್ಪ ಒಂದು ದಿನಾನೂ ತಟ್ಟೆ ತೊಳೆದಿಟ್ಟವನಲ್ಲ.”

“ತಮಾಷೆ ಮಾಡಬೇಡ ಕಣೆ. ಅವನ ಪುಸ್ತಕದಲ್ಲೂ ಆ ಪದ ಬೀಳಬೇಕು. ಅದೊಂದು ನೋಡಿಬಿಟ್ಟರೆ ಸಾಕು ನನಗೆ.”

“ಯಾವ ಪದ?”

“ಅದೇ.”

ಆ ಪದವನ್ನು ಅವರು ಮನೆಯಲ್ಲಿ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಮುಖ್ಯಸ್ಥರು ಆ ವರ್ಷದ ಕೊನೆಗೆ ನಿವೃತ್ತರಾಗುವವರಿದ್ದರು. ಇನ್ನೆರಡು ವರ್ಷ ಮುಂದುವರಿಸುತ್ತಾರೆ ಎಂಬ ಗಾಳಿಮಾತೂ ಇತ್ತು. ಅದನ್ನು ಹೆಚ್ಚಾಗಿ ಊದುತ್ತಿದ್ದವರು ಮುಖ್ಯಸ್ಥರೇ. ಹೇಗಿದ್ದರೂ, ಶುಭ್ರವಾದ ಪುಸ್ತಕ ಬಗಲಲ್ಲಿ ಇಟ್ಟುಕೊಂಡು ಆ ಮನುಷ್ಯ ಗೇಟು ದಾಟಿಬಿಟ್ಟರೆ ತನ್ನ ಹದಿನೇಳು ವರ್ಷ ತೊಟ್ಟಿಯ ನೀರಿಗೆ ಹೋದಂತೆ ಎಂದು ಬಾಟಲಿಯಣ್ಣನಿಗೆ ಅನಿಸುತ್ತಿತ್ತು.

ಇಲ್ಲಿ ಅವರ ನಾಲಿಗೆಯ ವಿಷಯ ಹೇಳಬೇಕು.

ಸಾಸ್ ಮನೆಯಲ್ಲಿ ಹೊಸದಾಗಿ ಏನು ತಯಾರಿಸಿದರೂ ಮಾರಾಟಕ್ಕೆ ಬಿಡುವ ಮುಂಚೆ ಹತ್ತು ಜನ ರುಚಿ ನೋಡಿ ಅಂಕ ಕೊಡಬೇಕು. ಈ ಪದ್ಧತಿ ತಂದವರು ಮುಖ್ಯಸ್ಥರೇ, ಅಲ್ಲಿದ್ದಾಗ ನೋಡಿ ಬಂದದ್ದು. ಒಬ್ಬೊಬ್ಬರಿಗೂ ಹಲಗೆಯಿಂದ ಅಡ್ಡ ಮಾಡಿದ ಪುಟ್ಟ ಗೂಡು. ಬಣ್ಣ ನೋಡಿ ಮೋಸಹೋಗದಿರಲಿ ಎಂದು ಕೆಂಪು ಬಲ್ಬು. ಬಟ್ಟಲ ಮೇಲೆ ಹೆಸರಿಲ್ಲ, ಮೂರಂಕಿಯ ಸಂಖ್ಯೆ ಮಾತ್ರ. ಎರಡು ಚಮಚದಷ್ಟು ಬಾಯಿಗೆ ಹಾಕಿ, ನಾಲಿಗೆಯ ಮೇಲೆ ಆಡಿಸಿ, ಪಕ್ಕದ ಡಬ್ಬಿಗೆ ಉಗುಳಬೇಕು. ನುಂಗುವಂತಿಲ್ಲ. ನುಂಗಿದರೆ ಮುಂದಿನ ಬಟ್ಟಲಿನ ರುಚಿ ಕೆಡುತ್ತದೆ ಎಂದು ಮುಖ್ಯಸ್ಥರು ಗೋಡೆಯ ಮೇಲೇ ಬರೆಸಿದ್ದರು. ಆಮೇಲೆ ನೀರು ಮುಕ್ಕಳಿಸಿ, ಒಂದರಿಂದ ಒಂಬತ್ತರೊಳಗೆ ಅಂಕ. ತೀರಾ ಹಿಡಿಸದಿದ್ದರೆ ಒಂದು, ತುಂಬಾ ಹಿಡಿಸಿದರೆ ಒಂಬತ್ತು.

ಹತ್ತು ಜನರಲ್ಲಿ ಒಬ್ಬರು ‘ಸಾಮಾನ್ಯ ಗ್ರಾಹಕ’ ಆಗಿರಬೇಕೆಂದು ನಿಯಮವಿತ್ತು. ಸಾಮಾನ್ಯರನ್ನು ಹುಡುಕಿಕೊಂಡು ಹೊರಗೆ ಹೋಗುವ ಕಷ್ಟ ಯಾಕೆಂದು ಮುಖ್ಯಸ್ಥರು ಕಿಟಕಿಯಿಂದ ಹೊರಗೆ ನೋಡಿದರು, ಬಾಟಲಿಯಣ್ಣ ಕಂಡರು, ಆದೇಶಕ್ಕೆ ಸಹಿ ಬಿತ್ತು. ಹಾಗೆ ಸಾಮಾನ್ಯ ಗ್ರಾಹಕರಾದ ಬಾಟಲಿಯಣ್ಣ ಮೊದಲ ದಿನದಿಂದಲೂ ಗೋಡೆಯ ಬರಹವನ್ನು ಮೀರಿದರು. ಬಾಯಿಗೆ ಹಾಕಿಕೊಂಡ ಆಹಾರವನ್ನು ಉಗುಳುವುದು ಅವರಿಂದ ಆಗದ ಕೆಲಸ. ತಲೆ ತಗ್ಗಿಸಿ ಉಗುಳುವ ನಟನೆ ಮಾಡಿ ನುಂಗಿಬಿಡುತ್ತಿದ್ದರು. ಅವರು ಆರು ಕೊಟ್ಟದ್ದು ಮಳಿಗೆಯಲ್ಲಿ ಕುಂಟುತ್ತಿತ್ತು, ಎಂಟು ಕೊಟ್ಟದ್ದು ಸಂಜೆಯೊಳಗೆ ಖಾಲಿ. ಮಳಿಗೆ ನೋಡಿಕೊಳ್ಳುವ ಅಕ್ಕ ಲೇಬಲ್ ಅಚ್ಚಿಗೆ ಕೊಡುವ ಮೊದಲು ಸದ್ದಿಲ್ಲದೆ ತೊಟ್ಟಿಯ ಬಳಿ ಬಂದು “ಎಷ್ಟು ಕೊಟ್ರಿ ಅಣ್ಣಾ?” ಎಂದು ಕೇಳಿಕೊಂಡು ಹೋಗುವಳು. ಉಳಿದ ಒಂಬತ್ತು ವಿದ್ವಾಂಸರ ಅಂಕ ಅವಳಿಗೆ ಬೇಕಾಗಿರಲಿಲ್ಲ.

ನಿವೃತ್ತಿಯ ವರ್ಷ ಮುಖ್ಯಸ್ಥರಿಗೆ ಒಂದು ಆಸೆ ಹುಟ್ಟಿತು. ತನ್ನ ನೆನಪಿಗೆ ಒಂದು ಪಾನೀಯ ಉಳಿಯಬೇಕು. ಟೊಮೆಟೊ ಮತ್ತು ಕ್ಯಾರೆಟ್ ಬೆರೆಸಿದ್ದು. ಮೂರನೇ ವರ್ಷದ ವಿದ್ಯಾರ್ಥಿಗಳು ಎರಡನ್ನೂ ಬೆಳೆದರು. ಬೆಳೆ ಚೆನ್ನಾಗಿ ಬಂತು, ಇಡಲು ಜಾಗ ಸಾಲಲಿಲ್ಲ. ಕ್ಯಾರೆಟ್‌ಗೆ ತಣ್ಣನೆಯ ಕೋಣೆಯಲ್ಲಿ ಸ್ಥಳ ಕೇಳಿದಾಗ ಮುಖ್ಯಸ್ಥರು ಅಂದರು: “ಟೊಮೆಟೊ ಮಾಗಿಸೋ ಕೋಣೆ ಅರ್ಧ ಖಾಲಿ ಇದೆಯಲ್ಲ, ಅಲ್ಲೇ ಇಡಿ. ನಾನು ಅಲ್ಲಿದ್ದಾಗ ಒಂದೇ ಕೋಣೆಯಲ್ಲಿ ಎಲ್ಲ ಇಡ್ತಿದ್ದರು.”

ತಂಡದ ನಾಯಕಿ, ದಪ್ಪ ಕನ್ನಡಕದ ಹುಡುಗಿ, “ಸಾರ್, ಮಾಗೋ ಹಣ್ಣಿನ ಜೊತೆ ಕ್ಯಾರೆಟ್ ಇಡಬಾರದು ಅಂತ ಪುಸ್ತಕದಲ್ಲಿ...” ಎಂದು ಶುರುಮಾಡಿದಳು.

“ಆ ಪುಸ್ತಕ ಬರೆದವರನ್ನ ನಾನು ಅಲ್ಲಿದ್ದಾಗ ನೋಡಿದ್ದೀನಿ. ಸಾಮಾನ್ಯ ಮನುಷ್ಯ.”

ಅಲ್ಲಿಗೆ ಪುಸ್ತಕ ಮುಚ್ಚಿತು. ಮಾಗುವ ಹಣ್ಣಿನಿಂದ ಹೊರಡುವ ಗಾಳಿ ತಗುಲಿದರೆ ಕ್ಯಾರೆಟ್ ಕಹಿಯಾಗುತ್ತದೆ. ಕಹಿ ಮೊದಲು ಸೇರುವುದು ಸಿಪ್ಪೆಗೆ. ಸಿಪ್ಪೆ ಹೆರೆದಿದ್ದರೆ ಅರ್ಧಕ್ಕರ್ಧ ಬಚಾವ್. ಆದರೆ ಸಿಪ್ಪೆಯಲ್ಲೇ ಸತ್ವ ಇರುವುದು, ಹೆರೆಯಕೂಡದು ಎಂದೂ ಅಪ್ಪಣೆಯಾಯಿತು. ತಯಾರಿಕೆಯ ಜಾಗದಲ್ಲಿ ಯಾರೂ ಬಾಯಿಗೆ ಏನೂ ಹಾಕಿಕೊಳ್ಳಬಾರದೆಂಬ ನಿಯಮ ಮೊದಲೇ ಇತ್ತು, ಎಲ್ಲರ ಬಾಯಿಗೂ ಬಟ್ಟೆ ಕಟ್ಟಿತ್ತು. ಹೀಗಾಗಿ ಆ ಪಾನೀಯವನ್ನು ಬೆಳೆದವರು, ತೊಳೆದವರು, ಅರೆದವರು, ಕುದಿಸಿದವರು ಯಾರೂ ರುಚಿ ನೋಡದೆ ಅದು ಕೆಂಪು ಬಲ್ಬಿನ ಕೆಳಗೆ ಬಂತು.

ಅಂದು ಗೂಡಿನಲ್ಲಿ ಬಾಟಲಿಯಣ್ಣನ ಮುಂದೆ ಮೂರು ಬಟ್ಟಲು. ಮೊದಲೆರಡು ಹಳೆಯ ಟೊಮೆಟೊ ರಸ, ಹೋಲಿಕೆಗೆ ಇಟ್ಟದ್ದು. ಮೂರನೆಯದು ೯೦೩. ಬಾಯಿಗೆ ಬಿದ್ದಾಗ ಸಿಹಿ, ಹದವಾದ ಹುಳಿ, ಸ್ವಲ್ಪ ಉಪ್ಪು, ಮೇಲಿಷ್ಟು ಶುಂಠಿ. ಅಕ್ಕಪಕ್ಕದ ಗೂಡುಗಳಲ್ಲಿ ಒಂಬತ್ತು ಜನ ಅಷ್ಟು ನೋಡಿ ನಿಯಮದ ಪ್ರಕಾರ ಉಗುಳಿದರು. ಬಾಟಲಿಯಣ್ಣ ನುಂಗಿದರು. ಗಂಟಲ ಬಾಗಿಲು ದಾಟುವಾಗ ಅದು ತನ್ನ ಗುಣ ತೋರಿಸಿತು. ನಾಲಿಗೆಯ ಬುಡದಿಂದ ಮೇಲೆದ್ದ ಕಹಿ, ನೀರು ಕುಡಿದರೂ ಬಿಡದೆ, ಬಿಸ್ಕತ್ತು ತಿಂದರೂ ಬಿಡದೆ, ಬಾಡಿಗೆದಾರನಂತೆ ಕೂತುಬಿಟ್ಟಿತು.

ಅವರಿಗೆ ಎಲ್ಲ ಅರ್ಥವಾಯಿತು. ಮಾಗಿಸುವ ಕೋಣೆಯಲ್ಲಿ ಉಳಿದ ಕ್ಯಾರೆಟ್ ಇನ್ನೂ ಹದಿನೈದು ದಿನ ಇರುತ್ತದೆ. ದೊಡ್ಡ ತಯಾರಿಕೆ ನಡೆಯುವುದು ಅದರಿಂದ. ಇವತ್ತಿನದೇ ಇಷ್ಟು ಕಹಿ, ಅದು ಇದರ ಅಪ್ಪ. ಬರೀ ಎರಡು ಅಂಕ ಬರೆದು, ಪಕ್ಕದಲ್ಲಿ ‘ಕಹಿ’ ಎಂದು ಗೀಚಿದರೆ ಮುಗಿಯಿತು. ಮತ್ತೊಮ್ಮೆ ನೋಡುತ್ತಾರೆ, ನುಂಗುತ್ತಾರೆ, ಸರಿಮಾಡುತ್ತಾರೆ. ಮುಖ್ಯಸ್ಥರು ಹೆಸರು ಉಳಿಸಿಕೊಳ್ಳುತ್ತಾರೆ.

ಪೆನ್ನು ಹಿಡಿದು ಎಷ್ಟು ಹೊತ್ತು ಕೂತಿದ್ದರೋ. ಆಚೆಯಿಂದ ಮುಖ್ಯಸ್ಥರ ದನಿ ಕೇಳಿತು: “ಸಾಮಾನ್ಯ ಗ್ರಾಹಕರೇ, ನಿಮ್ಮದೊಂದೇ ಬಾಕಿ. ಬೇಗ ಮುಗಿಸಪ್ಪ, ನೀನೇನು ಪ್ರಬಂಧ ಬರೀತಿಲ್ಲ.”

ಬಾಟಲಿಯಣ್ಣ ಒಂಬತ್ತು ಬರೆದರು. ದುಂಡಗೆ, ಬಾಲ ಎಳೆದು, ಎಲ್ಲರಿಗೂ ಕಾಣುವಂತೆ.

ಮನೆಗೆ ಹೋಗಿ ಹೆಂಡತಿಗೆ ಹೇಳಿದಾಗ ಆಕೆ ಮೊದಲ ಸಲ ಹೊಲಿಗೆ ಯಂತ್ರ ನಿಲ್ಲಿಸಿದಳು. “ಸರಿ. ಅದು ಕಹಿ ಅಂತ ಜನಕ್ಕೆ ಗೊತ್ತಾದ ಮೇಲೆ ಯಾರ ತಲೆಗೆ ಕಟ್ತಾರೆ? ಆಗ ನಿಮ್ಮ ತಲೆಗೆ ಕಟ್ಟಿದರು. ಈಗ?”

ಬಾಟಲಿಯಣ್ಣ ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿದರು. ಲೇಬಲಿನ ಮೊದಲ ಪ್ರತಿ ಅವರು ನೋಡಿದ್ದರು: ‘ಮೂರನೇ ವರ್ಷದ ವಿದ್ಯಾರ್ಥಿಗಳು ಬೆಳೆದು ತಯಾರಿಸಿದ್ದು.’ ಕೆಳಗೆ ಹನ್ನೆರಡು ಹೆಸರು, ಎಲ್ಲಕ್ಕಿಂತ ಮೇಲೆ ಕನ್ನಡಕದ ಹುಡುಗಿಯದು. ಮೂರು ಸಾಲಿನ ವರದಿ ಮುಖ್ಯಸ್ಥರಿಗೆ ಈಗಲೂ ಬರೆಯಲು ಬರುತ್ತದೆ.

“ಆ ಮಕ್ಕಳ ಹೆಸರು ಅಲ್ಲಿಂದ ಕಿತ್ತು ಹಾಕಬೇಕು” ಅಂದರು.

“ಕಿತ್ತುಹಾಕೋಕೆ ನೀವು ಯಾರು?”

“ನಾನಲ್ಲ. ಅವನೇ ಕಿತ್ತುಹಾಕ್ತಾನೆ. ಸ್ವಲ್ಪ ತುರಿಸಬೇಕು ಅಷ್ಟೆ.”

ಮರುದಿನ ತೊಳೆದು ಹೊಳಪು ಮಾಡಿದ ಬಾಟಲಿಗೆ ಲೇಬಲ್ ಅಂಟಿಸಿಕೊಂಡು ಮುಖ್ಯಸ್ಥರ ಕೋಣೆಗೆ ಹೋದರು. ಹದಿನೇಳು ವರ್ಷದಲ್ಲಿ ಆ ಬಾಗಿಲು ಅವರಾಗಿ ತಟ್ಟಿದ್ದು ಅದೇ ಮೊದಲು.

“ಸಾರ್, ನಾನು ಓದಿದವನಲ್ಲ. ಆದರೂ ಒಂದು ಮಾತು.”

“ಹೇಳಪ್ಪ.”

“ಇದರಲ್ಲಿ ಎಲ್ಲರ ಹೆಸರೂ ಇದೆ. ತಮ್ಮದೇ ಇಲ್ಲ.”

“ಛೆ ಛೆ, ನಮ್ಮದೇನಿದೆ ಅದರಲ್ಲಿ. ಎಲ್ಲ ಮಕ್ಕಳದ್ದು.” ಹೀಗೆನ್ನುತ್ತಲೇ ಮುಖ್ಯಸ್ಥರು ಬಾಟಲಿಯನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿ, ತಮ್ಮ ಹೆಸರು ಎಲ್ಲಾದರೂ ಅಡಗಿ ಕೂತಿದೆಯೇ ಎಂದು ಹುಡುಕಿದರು.

“ಕ್ಯಾರೆಟ್ ಎಲ್ಲಿಡಬೇಕು ಅಂದವರು ತಾವು, ಸಿಪ್ಪೆ ಬಿಡಬೇಕು ಅಂದವರು ತಾವು. ಆ ಮಕ್ಕಳು ಹೇಳಿದ್ದು ಮಾಡಿದರು ಅಷ್ಟೇ. ನಾಳೆ ಇದು ದೇಶ ಸುತ್ತಿದ ಮೇಲೆ, ಹನ್ನೆರಡು ಜನದ ಮಧ್ಯೆ ತಮ್ಮನ್ನ ಯಾರು ಕೇಳ್ತಾರೆ ಸಾರ್? ನನಗ್ಯಾಕೋ ತಡೆಯೋಕಾಗಲಿಲ್ಲ.”

ಮುಖ್ಯಸ್ಥರು ಕನ್ನಡಕ ತೆಗೆದು ಒರೆಸಿಕೊಂಡರು. “ನೀನು ಒಬ್ಬ ಅರ್ಥಮಾಡಿಕೊಂಡೆ” ಅಂದರು. ಸಂಜೆಯೊಳಗೆ ಹೊಸ ಲೇಬಲ್ ಅಚ್ಚಿಗೆ ಹೋಯಿತು. ಹನ್ನೆರಡು ಹೆಸರು ಮಾಯ. ಮುಖ್ಯಸ್ಥರ ಹೆಸರು, ಹೆಸರಿನ ಹಿಂದೆ ಪದವಿಗಳ ಸಾಲು, ಪಕ್ಕದಲ್ಲಿ ಹದಿನೈದು ವರ್ಷ ಹಳೆಯದಾದ, ತಲೆತುಂಬ ಕೂದಲಿದ್ದ ಕಾಲದ ಭಾವಚಿತ್ರ. ಅಡಿಯಲ್ಲಿ ‘ಪ್ರತಿ ಹಂತವೂ ಇವರ ಖುದ್ದು ನಿರ್ಧಾರ ಮತ್ತು ಮೇಲ್ವಿಚಾರಣೆಯಲ್ಲಿ’ ಎಂಬ ಸಾಲು. ಆ ಸಾಲು ಬಾಟಲಿಯಣ್ಣ ಕೇಳಿದ್ದಲ್ಲ. ಅದು ಮುಖ್ಯಸ್ಥರು ಪ್ರೀತಿಯಿಂದ ಸೇರಿಸಿದ್ದು.

ವಿದ್ಯಾರ್ಥಿಗಳಿಗೆ ಸುದ್ದಿ ಮುಟ್ಟಿತು. ಕನ್ನಡಕದ ಹುಡುಗಿ ತೊಟ್ಟಿಯ ಬಳಿ ಬಂದು ನಿಂತಳು.

“ಹೆಸರು ತೆಗೆಯೋಕೆ ನೀವೇ ಹೇಳಿಕೊಟ್ಟಿದ್ದಂತೆ.”

“ಹೌದು ಮಗಳೇ.”

“ಬಾಲ ಅಲ್ಲಾಡಿಸೋರು ಬೇರೆಯವರು ಅಂದ್ಕೊಂಡಿದ್ವಿ. ಗೊಬ್ಬರ ಹೊತ್ತಿದ್ದು ನಾವು, ಕಳೆ ಕಿತ್ತಿದ್ದು ನಾವು. ನಮ್ಮಮ್ಮನಿಗೆ ಬಾಟಲಿ ಕಳಿಸ್ತೀನಿ, ನನ್ನ ಹೆಸರಿರುತ್ತೆ ಅಂತ ಹೇಳಿದ್ದೆ.”

ಬಾಟಲಿಯಣ್ಣ ಬಾಟಲಿಯೊಳಗೆ ಬ್ರಷ್ ತಿರುಗಿಸುತ್ತಲೇ ಇದ್ದರು. ಅವತ್ತಿನಿಂದ ವಿದ್ಯಾರ್ಥಿಗಳು ಅವರನ್ನು ಅಣ್ಣ ಅನ್ನುವುದು ಬಿಟ್ಟು, ಬರೀ ‘ರೀ’ ಅನ್ನತೊಡಗಿದರು. ಅದು ಅವರಿಗೆ ಕೆಂಪು ಶಾಯಿಗಿಂತ ಸ್ವಲ್ಪವೇ ಕಡಿಮೆ ಚುಚ್ಚಿತು.

ಬಿಡುಗಡೆಯ ದಿನ ದೊಡ್ಡ ಸಭಾಂಗಣದಲ್ಲಿ ಕುರ್ಚಿ ಸಾಲದೆ ಬೆಂಚು ತರಿಸಿದರು. ಕುಲಪತಿಗಳು ಬಂದರು, ಊರಿನ ಗಣ್ಯರು ಬಂದರು, ಹತ್ತಾರು ಅಂಗಡಿಗಳ ಒಡೆಯರಾದ ದಪ್ಪ ವ್ಯಾಪಾರಿಯೊಬ್ಬರು ಮುಂದಿನ ಸಾಲಿನಲ್ಲಿ ಕೂತರು. ಇವರು ಮೆಚ್ಚಿದರೆ ಸಾಸ್ ಮನೆಗೆ ವರ್ಷವಿಡೀ ಕೆಲಸ. ಮುಖ್ಯಸ್ಥರು ಮುಕ್ಕಾಲು ಗಂಟೆ ಮಾತಾಡಿದರು. ಕ್ಯಾರೆಟ್ ಇಟ್ಟ ಕೋಣೆಯ ಆಯ್ಕೆ ತಮ್ಮದು ಎಂದರು, ಸಿಪ್ಪೆ ಉಳಿಸಿದ ಧೈರ್ಯ ತಮ್ಮದು ಎಂದರು. ಎಲ್ಲ ವಿಡಿಯೋದಲ್ಲಿ ದಾಖಲಾಯಿತು. ಬಾಟಲಿಯಣ್ಣ ಬಾಗಿಲ ಬಳಿ ಲೋಟಗಳ ತಟ್ಟೆ ಹಿಡಿದು ನಿಂತು, ಒಂದೊಂದು ಮಾತಿಗೂ ತಲೆಯಾಡಿಸಿದರು.

ಲೋಟಗಳನ್ನು ಹಂಚಿದ ಮೇಲೆ ಮುಖ್ಯಸ್ಥರಿಗೆ ಇನ್ನೊಂದು ನೆನಪಾಯಿತು. “ನಾನು ಅಲ್ಲಿದ್ದಾಗ, ಇಂಥ ಸಮಯದಲ್ಲಿ ಎಲ್ಲರೂ ಒಟ್ಟಿಗೆ ಎದ್ದು ನಿಂತು, ಲೋಟ ಪೂರ್ತಿ ಖಾಲಿ ಮಾಡೋರು. ಅದೇ ಗೌರವ.”

ಇನ್ನೂರು ಜನ ಎದ್ದು ನಿಂತು ಗೌರವ ಸಲ್ಲಿಸಿದರು. ಉಗುಳುವ ಡಬ್ಬಿ ಯಾರ ಬಳಿಯೂ ಇರಲಿಲ್ಲ.

ಮೊದಲ ಗುಟುಕಿಗೆ ಮುಗುಳ್ನಗೆ. ಎರಡನೆಯದಕ್ಕೆ ಅನುಮಾನ. ಮೂರನೆಯದು ಇಳಿಯುವ ಹೊತ್ತಿಗೆ ಸಭೆಯ ಮುಖಗಳೆಲ್ಲ ಒಟ್ಟಿಗೆ ಒಳಗೆ ಸೇದಿಕೊಂಡವು, ಯಾರೋ ಹಿಂದಿನಿಂದ ದಾರ ಎಳೆದ ಹಾಗೆ. ಕುಲಪತಿಗಳು ಸಭ್ಯರು; ಅರ್ಧ ಲೋಟವನ್ನು ಪಕ್ಕದ ಹೂದಾನಿಯ ಮರೆಗಿಟ್ಟರು. ಗಣ್ಯರೊಬ್ಬರು ಕರವಸ್ತ್ರ ಹುಡುಕಿದರು. ಮುಖ್ಯಸ್ಥರು ಮಾತ್ರ, ವೇದಿಕೆಯ ಮೇಲೆ ಎಲ್ಲರಿಗೂ ಕಾಣುವಂತೆ ನಿಂತಿದ್ದರಿಂದ, ಕಣ್ಣಲ್ಲಿ ನೀರು ಬಂದರೂ ಕೊನೆಯ ಹನಿಯವರೆಗೆ ಕುಡಿದರು. ಬಾಟಲಿಯಣ್ಣ ಆ ಗಂಟಲನ್ನೇ ನೋಡುತ್ತಿದ್ದರು, ಒಂದೊಂದು ಗುಟುಕೂ ಮೇಲಿಂದ ಕೆಳಗೆ ಇಳಿಯುವುದನ್ನು ಎಣಿಸುತ್ತ.

ವ್ಯಾಪಾರಿ ಲೋಟ ಕೆಳಗಿಟ್ಟು ಪಕ್ಕದವರಿಗೆ ಹೇಳಿದ್ದು ಮೈಕಿಗೂ ಕೇಳಿಸಿತು: “ನಮ್ಮ ಅಂಗಡೀಲಿ ಔಷಧಿ ಮಾರೋದಿಲ್ಲ.”

ವಾರದೊಳಗೆ ವಿಚಾರಣೆ. ಮೂವರು ಸದಸ್ಯರು, ಅಧ್ಯಕ್ಷತೆಗೆ ಕುಲಸಚಿವೆ. ಮುಖ್ಯಸ್ಥರು ಮೊದಲು ವಿದ್ಯಾರ್ಥಿಗಳು ಸರಿಯಾಗಿ ತೊಳೆದಿಲ್ಲ ಅಂದರು. ಕುಲಸಚಿವೆ ಬಾಟಲಿ ತಿರುಗಿಸಿ ಲೇಬಲ್ ಓದಿದರು. ಗಟ್ಟಿಯಾಗಿ, ಕೊನೆಯ ಸಾಲಿನವರೆಗೆ. ಆಮೇಲೆ ಭಾಷಣದ ವಿಡಿಯೋ ಹಾಕಿಸಿದರು. ಮುಖ್ಯಸ್ಥರ ಇಡೀ ಜೀವನದಲ್ಲಿ ಅವರ ಭಾಷಣವನ್ನು ಇಷ್ಟು ಗಮನವಿಟ್ಟು ಯಾರೂ ಕೇಳಿರಲಿಲ್ಲ.

ಆಗ ಮುಖ್ಯಸ್ಥರು ರುಚಿಯ ಅಂಕಪಟ್ಟಿ ಹೊರತೆಗೆದರು. “ಹತ್ತು ಜನ ಪಾಸು ಮಾಡಿದ್ದಾರೆ. ಈ ಬಾಟಲಿ ತೊಳೆಯುವವನು ಒಂಬತ್ತು ಕೊಟ್ಟಿದ್ದಾನೆ. ಇವನನ್ನ ಕೇಳಿ.”

ಬಾಟಲಿಯಣ್ಣನನ್ನು ಕರೆಸಿದರು. ಏಪ್ರನ್ ಬಿಚ್ಚದೆಯೇ ಬಂದರು.

“ಒಂಬತ್ತು ಯಾಕೆ ಕೊಟ್ಟಿರಿ?” ಕುಲಸಚಿವೆ ಕೇಳಿದರು.

“ಅಮ್ಮಾ, ಮೊದಲು ನನ್ನ ಪುಸ್ತಕ ತರಿಸಿ ನೋಡಿ.”

ಪುಸ್ತಕ ಬಂತು. ಕುಲಸಚಿವೆ ಪುಟ ತಿರುವಿ ಕೆಂಪು ಶಾಯಿಯ ಸಾಲಿನಲ್ಲಿ ನಿಂತರು.

“ಏನಂತ ಇದೆ ಅಮ್ಮಾ?”

“ಅಜಾಗರೂಕ ಅಂತ ಇದೆ.”

“ಯಾರ ಸಹಿ?”

ಕುಲಸಚಿವೆ ಮುಖ್ಯಸ್ಥರ ಕಡೆ ನೋಡಿದರು.

“ನಾನು ಅಜಾಗರೂಕ ಅಂತ ಸಾರ್‌ಗೆ ಹದಿನೇಳು ವರ್ಷದಿಂದ ಗೊತ್ತು. ಗೊತ್ತಿದ್ದೂ ರುಚಿ ನೋಡೋಕೆ ಕೂರಿಸಿದರು, ಆ ಆದೇಶದಲ್ಲೂ ಅವರದ್ದೇ ಸಹಿ. ಉಗುಳು ಅಂತ ಗೋಡೆ ಮೇಲೆ ಬರೆಸಿದ್ದೂ ಅವರೇ. ಗಂಟಲಲ್ಲಿ ಇರೋದನ್ನ ಬಾಯಲ್ಲಿ ಹುಡುಕು ಅಂದರೆ ನನ್ನಂಥವನು ಏನು ಮಾಡಲಿ ಅಮ್ಮಾ?”

ಒಬ್ಬ ಸದಸ್ಯರಿಗೆ ಕೆಮ್ಮು ಬಂತು. ಅದು ನಗುವೇ ಇದ್ದೀತು.

ವರದಿ ಮೂರು ಸಾಲಿಗಿಂತ ಉದ್ದವಿತ್ತು. ಕಚ್ಚಾ ಸಾಮಗ್ರಿಯ ಸಂಗ್ರಹದಲ್ಲಿ ಮುಖ್ಯಸ್ಥರು ಅಜಾಗರೂಕತೆ ತೋರಿದ್ದಾರೆ, ಇದನ್ನು ಅವರ ಸೇವಾ ಪುಸ್ತಕದಲ್ಲಿ ನಮೂದಿಸಲಾಗಿದೆ, ವಿದ್ಯಾರ್ಥಿಗಳದು ತಪ್ಪಿಲ್ಲ, ಸೇವೆ ಮುಂದುವರಿಸುವ ಪ್ರಸ್ತಾಪ ಕೈಬಿಡಲಾಗಿದೆ. ಕಚೇರಿಯ ಗುಮಾಸ್ತರನ್ನು ಕಾಡಿ ಬಾಟಲಿಯಣ್ಣ ಅದನ್ನು ಓದಿಸಿಕೊಂಡರು. “ಇನ್ನೊಂದು ಸಲ” ಅಂದರು. ಗುಮಾಸ್ತರು ಓದಿದರು. “ಆ ಪದ ಮಾತ್ರ ಇನ್ನೊಂದು ಸಲ.” “ಇದೇನು ಹಾಡೇನ್ರೀ?” ಎಂದು ಗುಮಾಸ್ತರು ಕಡತ ಮುಚ್ಚಿದರು.

ಸೇಡಿಗೂ ಕೂಲಿ ಕೆಲಸ ಇರುತ್ತದೆ ಎಂದು ಯಾರೂ ಮೊದಲೇ ಎಚ್ಚರಿಸುವುದಿಲ್ಲ. ಮಾರಾಟವಾಗದ ಅಷ್ಟೂ ಬಾಟಲಿಗಳು ಕ್ರೇಟು ಕ್ರೇಟಾಗಿ ತೊಟ್ಟಿಯ ಬಳಿ ವಾಪಸು ಬಂದವು. ಮುಚ್ಚಳ ತೆಗೆದು, ರಸ ಚೆಲ್ಲಿ, ಮುಖ್ಯಸ್ಥರ ಭಾವಚಿತ್ರ ಉಜ್ಜಿ ತೆಗೆದು, ತೊಳೆಯಬೇಕು. ಸಾವಿರಕ್ಕೆ ಹತ್ತಿರ ಬಾಟಲಿ. ಬಾಟಲಿಯಣ್ಣ ಒಂದೊಂದು ಮುಖವನ್ನೂ ಉಗುರಿನಿಂದ ನಿಧಾನವಾಗಿ ಕೆರೆದರು. ಬೇಗ ಮುಗಿಸುವ ಆತುರವೇನೂ ಕಾಣಲಿಲ್ಲ.

ಕನ್ನಡಕದ ಹುಡುಗಿ ಬಂದು ಒಂದು ಕ್ರೇಟಿನ ಮೇಲೆ ಕೂತಳು.

“ನೀವು ನುಂಗ್ತೀರಿ. ನಾನು ಒಂದು ಸಲ ನೋಡಿದ್ದೆ. ಗೊತ್ತಿತ್ತು ನಿಮಗೆ.”

“ಗೊತ್ತಿತ್ತು.”

“ನಮ್ಮ ಹೆಸರು ತೆಗೆಸಿದ್ದು ಅದಕ್ಕೇನಾ?”

ಬಾಟಲಿಯಣ್ಣ ಹೌದೆಂದು ತಲೆಯಾಡಿಸಿದರು.

“ಒಂದು ಮಾತು ಹೇಳಿದ್ದರೆ ಸಿಪ್ಪೆ ಹೆರೆದು ಸರಿಮಾಡ್ತಿದ್ವಿ. ಒಂದು ಬೆಳೆ ಹೋಯ್ತು ನಮ್ಮದು. ಅವರಿಗೂ ನಿಮಗೂ ಇದ್ದದ್ದರಲ್ಲಿ ನಮ್ಮ ಕ್ಯಾರೆಟ್ ಏನು ಮಾಡಿತ್ತು?”

ಹುಡುಗಿ ಎದ್ದು ಹೋಗಲೂ ಇಲ್ಲ, ಕ್ಷಮಿಸಲೂ ಇಲ್ಲ. ಇನ್ನೊಂದು ಬ್ರಷ್ ತೆಗೆದುಕೊಂಡು ಪಕ್ಕದಲ್ಲಿ ನಿಂತು, ಎರಡು ಕ್ರೇಟು ತೊಳೆದುಕೊಟ್ಟು ಹೋದಳು. ಆ ಸಂಜೆ ಅವರು ಹೆಂಡತಿಗೆ ಹೇಳಿದರಂತೆ: “ಆ ಮಗು ವಿಷಯದಲ್ಲಿ ತಪ್ಪಾಯ್ತು ಕಣೆ. ಆದರೂ ನಾಳೆ ಮತ್ತೆ ಆ ಗೂಡಲ್ಲಿ ಕೂರಿಸಿದರೆ ಒಂಬತ್ತೇ ಕೊಡ್ತೀನಿ. ಹತ್ತಿದ್ದರೆ ಹತ್ತು.”

ಮುಖ್ಯಸ್ಥರ ಕೊನೆಯ ದಿನ ಬಂತು. ಬೀಳ್ಕೊಡುಗೆ ಚುಟುಕಾಗಿ ಮುಗಿಯಿತು. ಭಾಷಣ ಬೇಡವೆಂದು ಅವರೇ ಹೇಳಿದರಂತೆ, ಅದನ್ನು ನಂಬಲು ಜನಕ್ಕೆ ಹೊತ್ತು ಹಿಡಿಯಿತು. ಕಾರು ಬಾಗಿಲಲ್ಲಿ ನಿಂತಿತ್ತು. ಮುಖ್ಯಸ್ಥರು ಕಾರಿಗೆ ಹೋಗದೆ ಕಟ್ಟಡ ಸುತ್ತಿ ತೊಟ್ಟಿಯ ಬಳಿ ಬಂದರು.

“ನಮಸ್ಕಾರ ಸಾರ್.”

“ನಿನಗೆ ಗೊತ್ತಿತ್ತು, ಅಲ್ವಾ? ಕಹಿ ಇದೆ ಅಂತ.”

ವಿಚಾರಣೆಯಲ್ಲಿ ಹೇಳಿದ್ದನ್ನೇ ಇಲ್ಲೂ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಆದರೆ ಈ ಮನುಷ್ಯನಿಗೆ ತಿಳಿಯದಿದ್ದರೆ ತಾನು ಮಾಡಿದ್ದು ಅರ್ಧವೇ ಎಂದು ಬಾಟಲಿಯಣ್ಣ ಎಂದೋ ತೀರ್ಮಾನಿಸಿದ್ದರು.

“ಗೊತ್ತಿತ್ತು ಸಾರ್. ಗಂಟಲಿಗೆ ಇಳಿದಾಗಲೇ ಗೊತ್ತಾಯ್ತು.”

“ನಾನು ಈಗಲೇ ಹೋಗಿ ಕುಲಸಚಿವರಿಗೆ ಹೇಳಿದರೆ?”

“ಹೇಳಿ ಸಾರ್. ಒಂಬತ್ತು ಜನ ವಿದ್ವಾಂಸರಿಗೂ ತಮಗೂ ಗೊತ್ತಾಗದ್ದು ಬಾಟಲಿ ತೊಳೆಯೋನಿಗೆ ಗೊತ್ತಾಯ್ತು ಅಂತ ಹೇಳಿ. ನಾನೂ ಜೊತೆಗೆ ಬರ್ತೀನಿ.”

ಮುಖ್ಯಸ್ಥರು ನಿಜವಾಗಿಯೂ ತಿಳಿಯದವರಂತೆ ಕೇಳಿದರು: “ನಾನು ನಿನಗೇನು ಮಾಡಿದ್ದೆ? ನಿನ್ನ ಪುಸ್ತಕದಲ್ಲಿ ನನ್ನ ಸಹಿ ಇತ್ತು ಅಂತ ವಿಚಾರಣೆ ದಿನವೇ ನೋಡಿದ್ದು. ಯಾವುದಕ್ಕೆ ಹಾಕಿದ್ದೆ ಅಂತಲೂ ನೆನಪಿಲ್ಲ.”

ಬಾಟಲಿಯಣ್ಣ ಆ ಮುಖವನ್ನು ದಿಟ್ಟಿಸಿದರು. ಸುಳ್ಳಲ್ಲ. ಹದಿನೇಳು ವರ್ಷ ಇವರು ದಿನಕ್ಕೆ ಹತ್ತು ಸಲ ನೆನೆದದ್ದು ಆ ತಲೆಯಲ್ಲಿ ಒಂದು ಸಲವೂ ಸುಳಿದಿರಲಿಲ್ಲ. ಕೈಯಲ್ಲಿದ್ದ ಬಾಟಲಿ ತೊಟ್ಟಿಗೆ ಜಾರಿತು. ಅದನ್ನು ಹಿಡಿಯಲು ಹೋಗಲಿಲ್ಲ. ನಲ್ಲಿ ನಿಲ್ಲಿಸಿದರು. ಏಪ್ರನ್‌ಗೆ ಕೈ ಒರೆಸಿಕೊಂಡು ಖಾಲಿ ಕ್ರೇಟೊಂದನ್ನು ಬೋರಲು ಹಾಕಿ, ಮೇಲಿನ ಧೂಳು ಅಂಗೈಯಿಂದ ಜಾಡಿಸಿದರು.

“ಕೂತ್ಕೊಳ್ಳಿ ಸಾರ್.”

“ಕಾರು ಕಾಯ್ತಿದೆ.”

“ಕಾಯಲಿ. ಕೂತ್ಕೊಳ್ಳಿ.”

ಆ ದನಿಯಲ್ಲಿ ಏನಿತ್ತೋ, ಮುಖ್ಯಸ್ಥರು ಕೂತರು. ಹೊಸ ಪ್ಯಾಂಟಿಗೆ ನೀರು ತಾಗಿತು. ಮುಂಬಾಗಿಲ ಕಡೆಯಿಂದ ಕಾರು ಹಾರ್ನ್ ಹೊಡೆಯಿತು. ಬಾಟಲಿಯಣ್ಣ ಎದುರಿಗೆ ಇನ್ನೊಂದು ಕ್ರೇಟು ಎಳೆದುಕೊಂಡು, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತರು.

“ಅವತ್ತು ಸೋಮವಾರ” ಎಂದು ಶುರುಮಾಡಿದರು. “ಬೆಳಿಗ್ಗೆ ಎಂಟಕ್ಕೆ ನಾನು ಬಾಯ್ಲರ್‌ಗೆ ನೀರು ತುಂಬಿಸಿದೆ. ಅಡ್ಡ ಬರಬೇಡಿ ಸಾರ್, ಪೂರ್ತಿ ಹೇಳ್ತೀನಿ.”